ದೌಂಡಿಗೆ ಎರಡು ಟಿಕೀಟು

ಮೊದಲು ಬರೆದದ್ದು ಬರೀ ಸದ್ದು.
ರೇಡಿಯೋ ನಾಟಕದವಳು ನಾನು,
ಕಿವಿಗೆ ಅಡುಗೆ ಮಾಡಿ ಬಡಿಸುವವಳು.
ತಗಡು ಬಗ್ಗಿಸಿದರೆ ಗುಡುಗು,
ಅವಲಕ್ಕಿ ಚೀಲ ಹಿಸುಕಿದರೆ
ಹಿಮದ ಮೇಲೆ ಬೂಟಿನ ಹೆಜ್ಜೆ.
ಹದಿನೆಂಟು ಪುಟ ತೋಪು, ತುತ್ತೂರಿ,
ಕೊನೆಗೊಬ್ಬಳು ತಾಯಿ.

ಖಡಕಿ ಬಜಾರಿನ ಎಟಿಎಮ್ಮಿನ ಹೊರಗೆ
ಪ್ಲಾಸ್ಟಿಕ್ ಕುರ್ಚಿಯಲ್ಲಿ ಭರಮಣ್ಣ ಹಣಬರ,
ನಿವೃತ್ತ ಹವಾಲ್ದಾರ್, ಗೋಕಾಕ ಕಡೆಯವರು.
ಎಡಗಾಲು ಮೊಣಕಾಲಿನವರೆಗೆ ಸ್ವಂತದ್ದು,
ಕೆಳಗಿನದು ಸರ್ಕಾರದ್ದು.
ಕನ್ನಡದವಳು ಸಿಕ್ಕಳೆಂದು ಪೂರ್ತಿ ಕೇಳಿದರು,
ನಡುನಡುವೆ ಎದ್ದು ದುಡ್ಡು ತೆಗೆಯುವವರಿಗೆ
ಬಾಗಿಲು ಹಿಡಿದರು. ಆಮೇಲೆ,
"ಚಲೋ ಐತ್ರಿ ಬಾಯಾರ. ಯುದ್ಧ ಬಾಳ ಐತಿ.
ನಮಗಿದ್ದದ್ದು ಹನ್ನೊಂದು ದಿನ.
ಆಮ್ಯಾಲಿಂದು ಇಪ್ಪತ್ತಮೂರು ವರ್ಷ,
ಅದೆಲ್ಲೈತಿ ಇದರಾಗ?"

ಹೇಳಿ ಅಂದೆ. ಹೇಳಿದರು:
ಕಾಲಿಗೆ ಹಾಕುವ ಕಾಲುಚೀಲದ ರೇಟು.
ಇಲ್ಲದ ಹಿಮ್ಮಡಿ ಬೆಳಗಿನ ಜಾವ ತುರಿಸುವುದು.
ಪ್ರತಿ ನವೆಂಬರಿಗೆ ಬ್ಯಾಂಕಿಗೆ ಹೋಗಿ
ಬದುಕಿದ್ದೇನೆಂದು ಸಹಿ ಹಾಕಿ ಬರುವುದು,
ಒಂದು ವರ್ಷ ಗುಮಾಸ್ತ ನಂಬದೇ ಹೋದದ್ದು.
ಇದರಲ್ಲಿ ನಾಟಕವೆಲ್ಲಿ ಎಂದುಕೊಂಡೆ ನಾನು, ಮೂರ್ಖಿ.

ಬೋಪೋಡಿಯ ಒಂದೂವರೆ ಕೋಣೆ.
ನೀಲವ್ವ ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದರು,
ತುಟಿಯ ನಡುವೆ ಸೂಜಿ ಇಟ್ಟುಕೊಂಡೇ ಮಾತು.
"ಕುಕ್ಕರ್ ಮಾರಿಬಿಟ್ಟೆ. ಸೀಟಿ ಹೊಡೀತೈತಲ್ಲ.
ಬ್ಯಾಳಿಗೆ ಎರಡು ತಾಸು ಹಿಡಿತೈತಿ, ಹಿಡೀಲಿ.
ರಾತ್ರಿ ಎಬ್ಬಸೂದಾದ್ರ ದೂರ ನಿಂತು ಕೂಗ್ತೀನಿ.
ಹೆಸರಿಗೆ ಏಳೂದಿಲ್ಲ. ನಂಬರ್‌ಗೆ ಏಳ್ತಾರ."
ಮದುವೆಯ ಮಂತ್ರದಂತೆ ಆ ನಂಬರು
ಆಕೆಗೆ ಬಾಯಿಪಾಠ.

ಸೆರಗಿನ ಅಡಿಯಲ್ಲಿ ನನ್ನ ರೆಕಾರ್ಡರ್ ಓಡುತ್ತಿತ್ತು.
ಕೇಳದೇ ಓಡಿಸಿದೆ. ಇದನ್ನೂ ಬರೆದಿಡಬೇಕು.
ಮನೆಗೆ ಬಂದು ಕೇಳಿದರೆ
ಆಕೆಯ ಮಾತಿನ ಹಿಂದೆ, ಪಕ್ಕದ ಮನೆಯಲ್ಲಿ
ಕುಕ್ಕರೊಂದು ಕೂಗಿದೆ, ಒಂದೇ ಸಲ.
ನನ್ನ ಕಿವಿ ಆಗ ಅದನ್ನು ಹಿಡಿದೇ ಇರಲಿಲ್ಲ.
ಒಳಕೋಣೆಯಲ್ಲಿ ಏನೋ ಉರುಳಿದೆ.
ಆಮೇಲೆ ಇಬ್ಬರೂ ಬಹಳ ಹೊತ್ತು ಏನೂ ಆಡಿಲ್ಲ.

ಆಷಾಢಕ್ಕೇ ಶುರು ಈ ಊರಲ್ಲಿ
ನದಿಯ ಸೇತುವೆ ಕೆಳಗೆ ಢೋಲಿನ ತಾಲೀಮು,
ನೂರು ಹುಡುಗರು, ನೂರು ಸೊಂಟ, ಒಂದೇ ಏಟು.
ಅಷ್ಟನ್ನು ಹತ್ತಿ ತುರುಕಿ ತಡೆಯುತ್ತಾರೆ.
ಗಣಪತಿ ಮುಳುಗುವ ದಿನ ಮಾತ್ರ ದೌಂಡಿಗೆ ಟಿಕೀಟು.
ಈ ವರ್ಷ ಎರಡು.

ದೌಂಡಿನಲ್ಲೂ ಗಣಪತಿ ಇದ್ದಾನೆ.
ಆದರೆ ಪ್ಲಾಟ್‌ಫಾರ್ಮಿನ ತುದಿಗೆ, ನೀರಿನ ಟಾಕಿಯ ಆಚೆ,
ಗೂಡ್ಸ್ ಗಾಡಿಗಳು ಅವನನ್ನು ಮುಚ್ಚಿಬಿಡುತ್ತವೆ.
"ರೈಲಿನ ಸಪ್ಪಳ ಅಡ್ಡಿಯಿಲ್ಲರಿ. ಹೇಳಿ ಬರ್ತೈತಿ.
ಮದಲ ಹಳಿ ನಡಗತಾವು, ನೋಡ್ರಿ."
ಕಾಲು ಬಿಚ್ಚಿ ಬೆಂಚಿಗೆ ಒರಗಿಸಿದರು,
ಮಳೆ ನಿಂತ ಮೇಲೆ ಕೊಡೆ ಇಡುವಂತೆ.
ಚಹಾ. ಇನ್ನೊಂದು ಚಹಾ. ಕಲ್ಲಿದ್ದಲು, ಸಿಮೆಂಟು,
ಖಾಲಿ ಡಬ್ಬಿಗಳು, ಐವತ್ತೆಂಟು ಎಣಿಸಿದೆವು.
ಸಂಜೆಗೆ ಅವರು ಒಂದು ಹೆಸರು ಹೇಳಿದರು.
ಊರು ಹೇಳಿದರು. ಆ ಹುಡುಗ
ಬೀಡಿಯ ಅರ್ಧ ಉಳಿಸಿ ಕಿವಿಗೆ ಸಿಕ್ಕಿಸುತ್ತಿದ್ದ ಅಂದರು.
"ಹೆಸರು ಹಾಕಬ್ಯಾಡ್ರಿ."
ಹಾಕಿಲ್ಲ.

ಮರಳಿ ಬಂದು ಹದಿನೆಂಟು ಪುಟ
ರದ್ದಿಯವನ ತಕ್ಕಡಿಗೆ ಹಾಕಿದೆ. ನೂರು ಗ್ರಾಂ ತೂಗಲಿಲ್ಲ.
ರೆಕಾರ್ಡರಿನ ಕಾರ್ಡು ನೀಲವ್ವನ ಕೈಗಿಟ್ಟು ತಪ್ಪಾಯಿತೆಂದೆ.
ಹೊರಳಿಸಿ ನೋಡಿ, "ಎಷ್ಟಕ್ಕ ಬರ್ತೈತ್ರಿ ಇದು?" ಎಂದು
ಸೂಜಿಯ ಡಬ್ಬಿಯೊಳಗೆ ಹಾಕಿದರು.
ತಿರುಗಿ ಕೊಟ್ಟರು ಶ್ರಾದ್ಧ ಮುಗಿದ ಮೇಲೆ,
"ನನ್ನ ಮಾತು ಇಟ್ಕೋರಿ. ಅವರ ಉಸರು ತಗೀರಿ."

ಈಗ ನಾಟಕ ಶುರುವಾಗುವುದು
ಮುಚ್ಚಳವಿಲ್ಲದ ಪಾತ್ರೆಯಲ್ಲಿ ಕುದಿಯುವ ಬೇಳೆಯಿಂದ.
ಸ್ಟುಡಿಯೋದಲ್ಲಿ ಕೇಳಿದರು: ಯುದ್ಧ ಯಾವಾಗ ಬರುತ್ತದೆ?
ಗಾಜಿನಾಚೆ ಕೂತವನಿಗೆ ಏನು ಹೇಳಲಿ,
ಬೇಳೆಯ ಸದ್ದು ಇನ್ನಷ್ಟು ತಗ್ಗಿಸಿ ಅಂದೆ.

ಎಟಿಎಮ್ಮಿನ ಮೆಟ್ಟಿಲಲ್ಲಿ ಫೋನು ಕಿವಿಗೊತ್ತಿ
ಭರಮಣ್ಣ ಕೊನೆಯವರೆಗೆ ಕೇಳಿದರು.
ಫೋನು ಅಂಗಿಗೆ ಒರೆಸಿ ಕೊಟ್ಟರು.
"ಬ್ಯಾಳಿ ಇಷ್ಟು ಲಗೂನ ಕುದಿಯೂದಿಲ್ರಿ ಬಾಯಾರ"
ಎಂದು ಎದ್ದು, ಯಾರೋ ಬಂದರೆಂದು,
ಬಾಗಿಲು ಹಿಡಿದರು.